ಎರಡೂ ಕಡೆ ನೋಡಿಕೊಳ್ಳುತ್ತೇನೆ ಅನ್ನುವ ಏಜೆಂಟ್ ಯಾರ ಕಡೆ?

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಡಾಲಸ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ. ಪಕ್ಕದ ಫ್ರಿಸ್ಕೋ ಊರಿನಲ್ಲಿ ಒಂದು ಓಪನ್ ಹೌಸ್‌ಗೆ, ಅಂದರೆ ಮಾರಾಟಕ್ಕಿರುವ ಮನೆಯನ್ನು ಯಾರು ಬೇಕಾದರೂ ಬಂದು ನೋಡಲು ತೆರೆದಿಡುವ ದಿನಕ್ಕೆ, ಹೋಗಿದ್ದಿರಿ, ಮನೆ ನಿಮಗೂ ನಿಮ್ಮ ಮನೆಯವರಿಗೂ ಹಿಡಿಸಿದೆ. ಅಲ್ಲಿದ್ದ ಏಜೆಂಟ್ ತುಂಬಾ ಒಳ್ಳೆಯವರು, "ಬೇರೆ ಏಜೆಂಟ್ ಯಾಕೆ, ಎರಡೂ ಕಡೆ ನಾನೇ ನೋಡಿಕೊಳ್ಳುತ್ತೇನೆ, ನಿಮಗೂ ದುಡ್ಡು ಉಳಿಯುತ್ತದೆ" ಅಂದರು. ಒಪ್ಪಬಹುದಾ ಅಂತ ಕೇಳಿದ್ದೀರಿ.

ಒಪ್ಪಬೇಡಿ ಅಂತಲೇ ನನ್ನ ಸಲಹೆ. ಅವರು ಕೆಟ್ಟವರು ಅಂತಲ್ಲ. ಅವರು ಈಗಾಗಲೇ ಇನ್ನೊಬ್ಬರ ಕೆಲಸ ಒಪ್ಪಿಕೊಂಡಿದ್ದಾರೆ, ಅಷ್ಟೇ.

ಊರಲ್ಲಿ ಬ್ರೋಕರ್ ಅಂದರೆ ನಡುವೆ ನಿಂತು ವ್ಯಾಪಾರ ಕುದುರಿಸುವವರು, ಎರಡೂ ಕಡೆ ಕಮಿಷನ್ ತೆಗೆದುಕೊಳ್ಳುವವರು. ಅದೇ ಲೆಕ್ಕ ಇಟ್ಟುಕೊಂಡು ಇಲ್ಲಿಗೆ ಬರುತ್ತೇವೆ. ಅಮೆರಿಕದಲ್ಲಿ ಏಜೆಂಟ್ ಅಂದರೆ ಕಾನೂನಿನ ಪ್ರಕಾರ ಒಬ್ಬರ ಪ್ರತಿನಿಧಿ. ಯಾರ ಜೊತೆ ಕರಾರು ಇದೆಯೋ ಅವರ ಹಿತವನ್ನು ತಮ್ಮ ಹಿತಕ್ಕಿಂತ ಮೇಲೆ ಇಡಬೇಕು, ಅವರ ಗುಟ್ಟು ಕಾಯಬೇಕು, ತಮಗೆ ಗೊತ್ತಾದದ್ದನ್ನು ಅವರಿಗೆ ತಿಳಿಸಬೇಕು. ಓಪನ್ ಹೌಸ್‌ನಲ್ಲಿ ಸಿಕ್ಕವರು ಸಾಮಾನ್ಯವಾಗಿ ಮಾರುವವರ ಏಜೆಂಟ್, ಅಥವಾ ಅವರ ಪರವಾಗಿ ಅಲ್ಲಿ ನಿಂತವರು. ನಿಮಗೆ ಅವರು ಸುಳ್ಳು ಹೇಳುವಂತಿಲ್ಲ, ಮನೆಯಲ್ಲಿ ದೊಡ್ಡ ದೋಷ ಇರುವುದು ಗೊತ್ತಿದ್ದರೆ ಮುಚ್ಚಿಡುವಂತಿಲ್ಲ. ಆದರೆ ನಿಮಗೆ ಕಡಿಮೆ ಬೆಲೆಗೆ ಕೊಡಿಸುವ ಹೊಣೆ ಅವರದಲ್ಲ. ಹೆಚ್ಚು ಬೆಲೆ ತರುವುದೇ ಅವರ ಕೆಲಸ.

ಟೆಕ್ಸಸ್‌ನಲ್ಲಿ ಇದನ್ನು ಕಾಗದದಲ್ಲೇ ಕೊಡುತ್ತಾರೆ. ಟೆಕ್ಸಸ್ ರಿಯಲ್ ಎಸ್ಟೇಟ್ ಕಮಿಷನ್ (ಏಜೆಂಟರಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಆಯೋಗ) ಹೊರಡಿಸಿದ ಒಂದು ಫಾರಂ ಇದೆ, ಬ್ರೋಕರೇಜ್ ಸೇವೆಗಳ ಬಗ್ಗೆ ಮಾಹಿತಿ ಅಂತ ಹೆಸರು. ವ್ಯವಹಾರದ ಮಾತು ಶುರುವಾಗುವಾಗಲೇ ಏಜೆಂಟ್ ಅದನ್ನು ಕೊಡಬೇಕು. ನಿಮಗೂ ಇಮೇಲ್‌ನಲ್ಲಿ ಬಂದಿರಬಹುದು, ಹುಡುಕಿ ನೋಡಿ. ಹೆಚ್ಚಿನವರು ಓದದೆ ಸುಮ್ನೆ ಸಹಿ ಹಾಕಿ ಕಳಿಸುತ್ತಾರೆ. ಮಾರುವವರ ಏಜೆಂಟ್ ಬಗ್ಗೆ ಅದರಲ್ಲಿ ಒಂದು ಸಾಲು ಇದೆ, ಅದನ್ನು ಮಾತ್ರ ಎರಡು ಸಲ ಓದಿ. ಮನೆಯ ಬಗ್ಗೆ, ವ್ಯವಹಾರದ ಬಗ್ಗೆ ತಮಗೆ ಗೊತ್ತಾದ ಮುಖ್ಯ ವಿಷಯಗಳನ್ನೆಲ್ಲ ಏಜೆಂಟ್ ಮಾಲೀಕರಿಗೆ ಹೇಳಬೇಕು. ಕೊಳ್ಳುವವರು ಹೇಳಿದ ಮಾತೂ ಅದರಲ್ಲಿ ಸೇರಿದೆ.

ಈಗ ಆ ಓಪನ್ ಹೌಸ್‌ನಲ್ಲಿ ಏನೇನು ಮಾತಾಡಿದಿರಿ ಅಂತ ನೆನಪು ಮಾಡಿಕೊಳ್ಳಿ. "ಬಾಡಿಗೆ ಲೀಸ್ ಯಾವಾಗ ಮುಗಿಯುತ್ತದೆ?" "ಮಕ್ಕಳ ಶಾಲೆ ಶುರುವಾಗುವ ಮೊದಲೇ ಬರಬೇಕಾ?" "ಬ್ಯಾಂಕ್ ಎಷ್ಟಕ್ಕೆ ಪ್ರೀ-ಅಪ್ರೂವಲ್ ಕೊಟ್ಟಿದೆ?" ಕೇಳುವುದಕ್ಕೆ ಉಪಚಾರದ ಮಾತು. ಜುಲೈನಲ್ಲಿ ಲೀಸ್ ಮುಗಿಯುತ್ತದೆ ಅಂದರೆ ನಿಮಗೆ ಅವಸರ ಇದೆ ಅಂತ ಗೊತ್ತಾಯಿತು. ಬ್ಯಾಂಕ್ ಸಾಲ ಕೊಡಲು ಒಪ್ಪಿದ ಮಿತಿ ಹೇಳಿದರೆ ಎಲ್ಲಿಯವರೆಗೆ ಏರಿಸಬಹುದು ಅಂತ ಗೊತ್ತಾಯಿತು. ಹೆಂಡತಿ ಅಡುಗೆಮನೆ ನೋಡಿ "ಇದೇ ಬೇಕು" ಅಂದಿದ್ದರೆ ಅದೂ ಮಾಲೀಕರ ಕಿವಿಗೆ ಬೀಳುತ್ತದೆ, ಬೀಳಲೇಬೇಕು. ಹಾಗೆ ಹೇಳಿದರೆ ಏಜೆಂಟ್ ತಪ್ಪು ಮಾಡಿದಂತೆ ಅಲ್ಲ. ಹೇಳದಿದ್ದರೆ ತಪ್ಪು. ಈಗಾಗಲೇ ಹೇಳಿಬಿಟ್ಟಿದ್ದರೆ ಚಿಂತೆ ಬೇಡ, ಇನ್ನು ಮುಂದೆ ಹೇಳಬೇಡಿ.

ಇನ್ನು ಎರಡೂ ಕಡೆ ನೋಡಿಕೊಳ್ಳುವ ಮಾತು. ಒಂದೇ ಏಜೆಂಟ್ ಇಬ್ಬರನ್ನೂ ಪ್ರತಿನಿಧಿಸುವುದಕ್ಕೆ ಡ್ಯುಯಲ್ ಏಜೆನ್ಸಿ ಅನ್ನುತ್ತಾರೆ. ವಾದಿಗೂ ಪ್ರತಿವಾದಿಗೂ ಒಬ್ಬರೇ ವಕೀಲರು ಇದ್ದಂತೆ. ಕ್ಯಾಲಿಫೋರ್ನಿಯಾದಲ್ಲಿ ಇಬ್ಬರಿಗೂ ತಿಳಿಸಿ, ಒಪ್ಪಿಗೆ ಪಡೆದರೆ ಆಗಬಹುದು. ಫ್ಲೋರಿಡಾ, ಕೊಲರಾಡೊದಲ್ಲಿ ಡ್ಯುಯಲ್ ಏಜೆನ್ಸಿಗೆ ಅವಕಾಶವೇ ಇಲ್ಲ. ಅಲ್ಲಿ ಯಾರ ಪರವೂ ವಾದಿಸದೆ ವ್ಯವಹಾರ ಮುಗಿಸಿಕೊಡುವ ಟ್ರಾನ್ಸಾಕ್ಷನ್ ಬ್ರೋಕರ್ ಅನ್ನುವ ಪಾತ್ರ ಇದೆ. ನಿಮ್ಮ ಟೆಕ್ಸಸ್‌ನಲ್ಲಿ ಇದಕ್ಕೆ ಇಂಟರ್‌ಮೀಡಿಯರಿ ಅಂತ ಹೆಸರು. ಇಬ್ಬರೂ ಲಿಖಿತವಾಗಿ ಒಪ್ಪಬೇಕು. ಒಪ್ಪಿದ ಮೇಲೆ ಬ್ರೋಕರ್ (ಇಲ್ಲಿ ಹಾಗಂದರೆ ಏಜೆಂಟ್ ಯಾರ ಕೈಕೆಳಗೆ ಕೆಲಸ ಮಾಡುತ್ತಾರೋ ಅವರು) ಇಬ್ಬರನ್ನೂ ಸಮನಾಗಿ ಕಾಣಬೇಕು. ಮಾರುವವರು ಕೇಳಿದ್ದಕ್ಕಿಂತ ಕಡಿಮೆಗೆ ಕೊಡಲು ತಯಾರಿದ್ದಾರೆ ಅಂತ ನಿಮಗೆ ಹೇಳುವಂತಿಲ್ಲ. ನೀವು ಜಾಸ್ತಿ ಕೊಡಲು ತಯಾರಿದ್ದೀರಿ ಅಂತ ಅವರಿಗೆ ಹೇಳುವಂತಿಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ "ಎಷ್ಟಕ್ಕೆ ಆಫರ್ ಹಾಕಲಿ?" ಅಂತ ನೀವು ಕೇಳಿದಾಗ ಉತ್ತರ ಕೊಡುವವರು ಯಾರು? ಬ್ರೋಕರ್ ಎರಡೂ ಕಡೆಗೆ ಬೇರೆ ಬೇರೆ ಏಜೆಂಟರನ್ನು ನೇಮಿಸಿದರೆ ಮಾತ್ರ ಆ ಸಲಹೆ ಸಿಗಬಹುದು. ನಿಮ್ಮ ಪ್ರಕರಣದಲ್ಲಿ ಇರುವುದು ಒಬ್ಬರೇ. ಸಲಹೆ ಬೇಕಾದ ಹೊತ್ತಿಗೆ ಸರಿಯಾಗಿ ಅವರು ಬಾಯಿ ಮುಚ್ಚಿಕೊಳ್ಳಬೇಕು.

ಅವರು ಹೇಳಿದ ಉಳಿತಾಯವನ್ನೂ ಲೆಕ್ಕ ಹಾಕಿ. ಐದು ಲಕ್ಷ ಡಾಲರಿನ ಮನೆ, ಎರಡೂ ಕಡೆಗೆ ಶೇ 2.5ರಂತೆ ಕಮಿಷನ್ ಅಂದುಕೊಳ್ಳಿ. ಒಂದು ಕಡೆ 12,500 ಡಾಲರ್. ಇಬ್ಬರಿಗೂ ಅವರೇ ಆದರೆ 25,000 ಪೂರ್ತಿ ಅವರ ಬ್ರೋಕರೇಜ್‌ಗೆ, ಅಂದರೆ ಅವರ ಕಂಪನಿಗೆ. ಅದರಲ್ಲಿ ಸ್ವಲ್ಪ ಬಿಟ್ಟರೂ ಅದು ಮಾರುವವರಿಗೆ ಉಳಿಯಬಹುದು. ಮನೆಯ ಬೆಲೆಯಲ್ಲಿ ಇಳಿಸುವುದಾಗಿಯೋ ನಿಮಗೆ ವಾಪಸ್ ಕೊಡುವುದಾಗಿಯೋ ಬರೆದುಕೊಡದ ಹೊರತು ನಿಮ್ಮ ಕೈಗೆ ಏನೂ ಬರುವುದಿಲ್ಲ.

ಈ ಗೊಂದಲಕ್ಕೆ ಬಿದ್ದವರು ನೀವೇ ಮೊದಲಲ್ಲ, ಇಲ್ಲೇ ಹುಟ್ಟಿ ಬೆಳೆದವರೂ ಬಿದ್ದಿದ್ದಾರೆ. ಒಂದು ಕಾಲದಲ್ಲಿ ನಿಮ್ಮನ್ನು ಕಾರಲ್ಲಿ ಕೂರಿಸಿಕೊಂಡು ಹತ್ತು ಮನೆ ತೋರಿಸಿದ ಏಜೆಂಟ್ ಕೂಡ ಸಾಮಾನ್ಯವಾಗಿ ಮಾರುವವರ ಉಪ-ಏಜೆಂಟ್ ಆಗಿರುತ್ತಿದ್ದರು. ಹೆಚ್ಚಿನ ಖರೀದಿದಾರರು ಅವರನ್ನು ತಮ್ಮ ಕಡೆಯವರು ಅಂತಲೇ ನಂಬಿದ್ದಾರೆ ಅಂತ 1983ರಲ್ಲಿ ಫೆಡರಲ್ ಟ್ರೇಡ್ ಕಮಿಷನ್ ವರದಿ ಹೇಳಿತು. ಕೊಳ್ಳುವವರ ಏಜೆಂಟ್ ಅನ್ನುವ ಪದ್ಧತಿ ಗಟ್ಟಿಯಾದದ್ದು 1990ರ ದಶಕದಲ್ಲಿ.

ಆಮೇಲೂ ಒಂದು ತೊಡಕು ಉಳಿಯಿತು. ಕೊಳ್ಳುವವರ ಏಜೆಂಟಿಗೆ ಎಷ್ಟು ಕೊಡಬೇಕು ಅಂತ ಮಾರುವವರ ಕಡೆಯವರೇ ಎಂಎಲ್‌ಎಸ್ (ಮಾರಾಟಕ್ಕಿರುವ ಮನೆಗಳನ್ನು ಏಜೆಂಟರು ಹಂಚಿಕೊಳ್ಳುವ ಪಟ್ಟಿ) ನಲ್ಲಿ ಮೊದಲೇ ನಮೂದಿಸುತ್ತಿದ್ದರು. 2023ರ ಅಕ್ಟೋಬರ್‌ನಲ್ಲಿ ಮಿಸೌರಿಯ ಕಾನ್ಸಸ್ ಸಿಟಿಯಲ್ಲಿ ಜ್ಯೂರಿ ಈ ಪದ್ಧತಿಯ ವಿರುದ್ಧ ಸುಮಾರು 1.8 ಬಿಲಿಯನ್ ಡಾಲರಿನ ತೀರ್ಪು ಕೊಟ್ಟಿತು. ಮುಂದಿನ ಮಾರ್ಚ್‌ನಲ್ಲಿ ಏಜೆಂಟರ ರಾಷ್ಟ್ರೀಯ ಸಂಘ 418 ಮಿಲಿಯನ್ ಡಾಲರಿಗೆ ರಾಜಿಯಾಯಿತು. 2024ರ ಆಗಸ್ಟ್ 17ರಿಂದ ಎಂಎಲ್‌ಎಸ್‌ನಲ್ಲಿ ಆ ನಮೂದು ಇಲ್ಲ. ಎಂಎಲ್‌ಎಸ್ ಬಳಸುವ ಏಜೆಂಟ್ ಮನೆ ತೋರಿಸುವ ಮೊದಲು ನಿಮ್ಮ ಜೊತೆ ಲಿಖಿತ ಕರಾರು ಮಾಡಿಕೊಳ್ಳಬೇಕು. ಓಪನ್ ಹೌಸ್‌ಗೆ ನೀವಾಗಿಯೇ ಹೋಗುವುದಕ್ಕೆ ಅದು ಬೇಡ. ಅಲ್ಲಿ ಹೆಸರು ಬರೆಸಿಕೊಂಡದ್ದಕ್ಕೆ ನೀವು ಯಾರಿಗೂ ಕಟ್ಟುಬಿದ್ದಿಲ್ಲ.

ಈ ಕರಾರು ಕೊಟ್ಟ ತಕ್ಷಣ ನಮ್ಮವರು ಹಿಂಜರಿಯುತ್ತಾರೆ. ನನ್ನ ಪ್ರಕಾರ ಕೊಳ್ಳುವವರಿಗೆ ಇದು ಒಳ್ಳೆಯ ಬದಲಾವಣೆ. ಯಾರು ಯಾರ ಕಡೆ ಅನ್ನುವುದು ಕೊನೆಗೂ ಕಣ್ಣಿಗೆ ಕಾಣುತ್ತದೆ. ಓದುವಾಗ ಅವಧಿ ನೋಡಿ: ಆರು ತಿಂಗಳು ಅಂತಿದ್ದರೆ ಒಂದು ತಿಂಗಳು ಮಾಡಿ ಅನ್ನಿ, ಇಷ್ಟವಾದರೆ ಮುಂದುವರಿಸಬಹುದು. ಫೀಸು ಖಚಿತವಾಗಿ ಬರೆದಿರಬೇಕು. ಅದಕ್ಕಿಂತ ಜಾಸ್ತಿ ಅವರು ಯಾರಿಂದಲೂ ಪಡೆಯುವಂತಿಲ್ಲ. ಫೀಸು ಚೌಕಾಸಿ ಮಾಡಬಹುದು, ಸಂಕೋಚ ಬೇಡ. ಮಾರುವವರೇ ಅದನ್ನು ಭರಿಸಲಿ ಅಂತ ಆಫರ್‌ನಲ್ಲಿ ಕೇಳಬಹುದು, ಈಗಲೂ ಎಷ್ಟೋ ಜನ ಒಪ್ಪುತ್ತಾರೆ. ಒಪ್ಪದಿದ್ದರೆ ಕೊಡಬೇಕಾದವರು ನೀವು, ಅದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಮತ್ತೆ, ಕರಾರು ಏಜೆಂಟ್ ಜೊತೆ ಅನ್ನಿಸಿದರೂ ನಿಜವಾಗಿ ಅವರ ಬ್ರೋಕರೇಜ್ ಜೊತೆ. ಅದೇ ಬ್ರೋಕರೇಜಿನ ಇನ್ನೊಬ್ಬರು ಮಾರುವವರ ಏಜೆಂಟ್ ಆಗಿದ್ದರೆ ಏನು? ಕ್ಯಾಲಿಫೋರ್ನಿಯಾದ ಮಾಲಿಬುವಿನಲ್ಲಿ ಹೀಗೇ ಆಯಿತು. ಮನೆಯೊಳಗಿನ ವಾಸದ ಜಾಗ ಸುಮಾರು 15,000 ಚದರಡಿ ಅಂತ ಕರಪತ್ರದಲ್ಲಿತ್ತು, ಸರ್ಕಾರಿ ದಾಖಲೆಯ ಅಂಕಿ ಅದಕ್ಕಿಂತ ತುಂಬಾ ಕಡಿಮೆ. ಒಂದೇ ಕಂಪನಿಯವರು ಎರಡೂ ಕಡೆ ಇದ್ದುದರಿಂದ ಕೊಂಡವರ ಬಗ್ಗೆ ಕಂಪನಿಗಿರುವ ಹೊಣೆಯೇ ಮಾರುವವರ ಏಜೆಂಟಿಗೂ ಇದೆ ಅಂತ 2016ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಟೆಕ್ಸಸ್‌ನ ನಿಯಮ ಬೇರೆ. ಆದ್ದರಿಂದ ಕರಾರಿನಲ್ಲಿ ಇಂಟರ್‌ಮೀಡಿಯರಿಗೆ ಒಪ್ಪಿಗೆ ಕೇಳುವ ಭಾಗವನ್ನು ಹುಡುಕಿ, ಬೇಡ ಅನ್ನುವ ಆಯ್ಕೆ ಹಾಕಿ.

ಬಿಲ್ಡರ್ ಕಟ್ಟುವ ಹೊಸ ಮನೆ ನೋಡಲು ಹೋಗುವುದಿದ್ದರೆ, ಮಾಡೆಲ್ ಹೋಮ್‌ನಲ್ಲಿ ಕೂತವರು ಬಿಲ್ಡರ್ ಕಡೆಯವರು. ನಿಮ್ಮ ಏಜೆಂಟನ್ನು ಮೊದಲ ದಿನವೇ ಕರೆದುಕೊಂಡು ಹೋಗಿ. ಆಮೇಲೆ ಕರೆತಂದರೆ ಅವರ ಫೀಸು ಕೊಡುವುದಿಲ್ಲ ಅನ್ನುವ ಬಿಲ್ಡರ್‌ಗಳು ಇದ್ದಾರೆ.

ಒಂದು ಮಾತಿಗೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಏಜೆಂಟನ್ನು "ಈ ಕಡೆ ಇಂಡಿಯನ್ಸ್ ಜಾಸ್ತಿ ಇದ್ದಾರಾ?" ಅಂತ ಕೇಳಿದರೆ ಅವರು ಮಾತು ಮರೆಸುತ್ತಾರೆ. ಏನೋ ಮುಚ್ಚಿಡುತ್ತಿದ್ದಾರೆ ಅಂತಲ್ಲ. ಜನಾಂಗ, ಧರ್ಮ, ಮೂಲದೇಶ ನೋಡಿ ಖರೀದಿದಾರರನ್ನು ಒಂದು ಬಡಾವಣೆಗೆ ತಿರುಗಿಸುವುದು 1968ರ ಫೇರ್ ಹೌಸಿಂಗ್ ಕಾಯ್ದೆಗೆ ವಿರುದ್ಧ. ಅದನ್ನು ನೀವೇ ಸಂಜೆ ಹೊತ್ತು ನಡೆದಾಡಿ ನೋಡಬೇಕು.

ಕನ್ನಡ ಸಂಘದಲ್ಲಿ ಪರಿಚಯವಾದ ಏಜೆಂಟ್ ಆಗಬಹುದಾ ಅಂತಲೂ ಕೇಳಿದ್ದೀರಿ. ಖಂಡಿತ ಆಗಬಹುದು, ಕನ್ನಡದಲ್ಲಿ ಮಾತಾಡಿ ಮನೆ ಕೊಳ್ಳುವ ನೆಮ್ಮದಿಯೇ ಬೇರೆ. ಆದರೆ ಅವರ ಜೊತೆಗೂ ಇದೇ ಕರಾರು, ಇದೇ ಪ್ರಶ್ನೆಗಳು. ಮೊದಲು ನಿಮ್ಮ ಪರ ಅಂತ ಬರೆದುಕೊಡಲಿ, ಆಮೇಲೆ ನಿಮ್ಮ ಬಜೆಟ್ ಹೇಳಿ. ಫ್ರಿಸ್ಕೋದ ಏಜೆಂಟ್‌ಗೆ ಇವತ್ತೇ ಒಂದು ಮೆಸೇಜ್ ಹಾಕಿ: ಮನೆ ತೋರಿಸಿದ್ದಕ್ಕೆ ಥ್ಯಾಂಕ್ಸ್, ನಾವು ನಮ್ಮದೇ ಏಜೆಂಟ್ ಇಟ್ಟುಕೊಳ್ಳುತ್ತೇವೆ, ಮುಂದಿನ ಮಾತು ಅವರ ಮೂಲಕ ಬರುತ್ತದೆ. ಅವರಿಗೂ ಅರ್ಥವಾಗುತ್ತದೆ. ಕರಾರಿನ ಕಾಗದ ಬಂದ ಮೇಲೆ, ಸಹಿ ಹಾಕುವ ಮೊದಲು ನನಗೆ ಕಳಿಸಿ, ಕೂತು ಓದೋಣ.