ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಜೈವಿಕ ಸಂವೇದಕಗಳು ಹೇಗೆ ಗುರುತಿಸುತ್ತವೆ?

ಬೈಫಿಡೋಬ್ಯಾಕ್ಟೀರಿಯಂ ಉದಾಹರಣೆಯಿಂದ ಇದನ್ನು ವಿವರಿಸಬಹುದು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಹೆನ್ರಿ ಟಿಸಿಯೆ 1899ರ ಸುಮಾರಿಗೆ ಎದೆಹಾಲುಣ್ಣುವ ಶಿಶುವಿನ ಮಲದಲ್ಲಿ ಕಂಡ, ಕವಲೊಡೆದ ಕಡ್ಡಿಯಂಥ ಬ್ಯಾಕ್ಟೀರಿಯಾ ಇದು. ಆಮ್ಲಜನಕವಿದ್ದಲ್ಲಿ ಸರಿಯಾಗಿ ಬೆಳೆಯದ ಕಾರಣ, ಇದನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಿ ಎಣಿಸಲು ಎರಡು ಮೂರು ದಿನಗಳೇ ಬೇಕಾಗುತ್ತವೆ.

ಜೈವಿಕ ಸಂವೇದಕವು, ಅಂದರೆ ಜೈವಿಕ ಅಣುವೊಂದರ ಹೊಂದಾಣಿಕೆಯನ್ನು ಅಳೆಯಬಲ್ಲ ಸಂಕೇತವಾಗಿಸುವ ಸಾಧನವು, ಬೆಳೆಸುವ ಗೋಜಿಗೆ ಹೋಗುವುದಿಲ್ಲ. ತೆಳುವಾದ ಚಿನ್ನದ ವಿದ್ಯುದ್ವಾರದ ಮೇಲೆ, ಈ ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿರುವ (ಪ್ರೋಟೀನು ತಯಾರಿಸುವ ಕಣ) ಒಂದು ಆರ್‌ಎನ್‌ಎ ಅಣುವಾದ 16ಎಸ್ ಆರ್‌ಆರ್‌ಎನ್‌ಎ ಭಾಗಕ್ಕೆ ಮಾತ್ರ ಹೊಂದುವ ಒಂಟಿ ಎಳೆಯ ಡಿಎನ್‌ಎ ತುಣುಕುಗಳನ್ನು ಅಂಟಿಸಿರುತ್ತಾರೆ; ಮಾದರಿಯ ಜೀವಕೋಶಗಳನ್ನು ಒಡೆದು ಮೇಲೆ ಹಾಕಿದಾಗ ಹೊಂದುವ ಎಳೆ ಬಂದು ಹೆಣೆದುಕೊಳ್ಳುತ್ತದೆ, ಅದರಿಂದ ಬದಲಾಗುವ ವಿದ್ಯುತ್ ಪ್ರವಾಹದ ಪ್ರಮಾಣವನ್ನು ಅಳೆದು ಬ್ಯಾಕ್ಟೀರಿಯಾದ ಪ್ರಮಾಣವನ್ನು ಅಂದಾಜಿಸುತ್ತಾರೆ. ಡಿಎನ್‌ಎ ಬದಲು, ನಿರ್ದಿಷ್ಟ ಗುರಿಗೆ ಅಂಟಿಕೊಳ್ಳುವ ಪ್ರೋಟೀನುಗಳಾದ ಪ್ರತಿಕಾಯಗಳನ್ನೂ ಬಳಸುವುದುಂಟು.

ನನ್ನ ದೃಷ್ಟಿಯಲ್ಲಿ ನಿಜವಾದ ಕಷ್ಟವಿರುವುದು ಬೇರೆಡೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎ ಕೂಡ ಹಾಗೆಯೇ ಹೆಣೆದುಕೊಳ್ಳುತ್ತದೆ, ಆದರೆ ಪ್ರೋಬಯಾಟಿಕ್ (ಸೇವಿಸಿದಾಗ ಆರೋಗ್ಯಕ್ಕೆ ಒಳಿತು ಮಾಡುವ ಸೂಕ್ಷ್ಮಜೀವಿ) ಎನ್ನಿಸಿಕೊಳ್ಳಲು ಅದು ಜೀವಂತವಾಗಿರಲೇಬೇಕು. ಜೀವಕೋಶ ಸತ್ತ ಬಳಿಕ ಆರ್‌ಎನ್‌ಎ ಸಾಮಾನ್ಯವಾಗಿ ಡಿಎನ್‌ಎಗಿಂತ ಬೇಗ ನಶಿಸುವುದರಿಂದ, ಆರ್‌ಎನ್‌ಎಯನ್ನು ಅಳೆಯುವ ಸಂವೇದಕಗಳು ಈ ವಿಷಯದಲ್ಲಿ ಹೆಚ್ಚು ಭರವಸೆ ಮೂಡಿಸುತ್ತವೆ. ಮಲದ ಮಾದರಿಯಲ್ಲಿರುವ ಪ್ರೋಟೀನು, ಪಿತ್ತಲವಣಗಳು ವಿದ್ಯುದ್ವಾರಕ್ಕೆ ಮೆತ್ತಿಕೊಂಡು ಸಂಕೇತವನ್ನು ಕೆಡಿಸುವುದರಿಂದ, ಮಾದರಿಯನ್ನು ಮೊದಲು ಶುದ್ಧೀಕರಿಸುವುದು ಅನಿವಾರ್ಯ.