ಶಾಲೆಯ ಗೇಟಿನಲ್ಲಿ ‘ತಾತ’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

46 ವರ್ಷದ ಸರ್ವೆಯರ್ ಒಬ್ಬರು ಹೆಂಡತಿಯ ಒತ್ತಾಯಕ್ಕೆ ನನ್ನಲ್ಲಿಗೆ ಬಂದರು. ಇಪ್ಪತ್ತು ವರ್ಷ ಬಯಲುಸೀಮೆಯ ಬಿಸಿಲಿನಲ್ಲಿ ಹೊಲ ಅಳೆದವರು. ತಡವಾಗಿ ಮದುವೆಯಾದ ಅವರಿಗೆ ಒಂದನೇ ತರಗತಿಯಲ್ಲಿ ಓದುವ ಮಗಳಿದ್ದಾಳೆ. ಅವಳನ್ನು ಕರೆತರಲು ಹೋದಾಗ ಶಾಲೆಯ ವಾಚ್‌ಮನ್ ‘ಪಾಪು, ನಿಮ್ಮ ತಾತ ಬಂದ್ರು’ ಎಂದು ಕೂಗಿದನಂತೆ. ಅದೇ ವಾರ ಬಸ್ಸಿನ ಕಂಡಕ್ಟರ್, 60 ತುಂಬಿದವರಿಗೆ ಸಿಗುವ ಹಿರಿಯ ನಾಗರಿಕರ ರಿಯಾಯಿತಿಗೆಂದು ತಾನಾಗಿಯೇ ಆಧಾರ್ ಕೇಳಿದರು. ಅಂದಿನಿಂದ ಅವರು ಶಾಲೆಯ ಕಡೆ ಸುಳಿಯಲಿಲ್ಲ. ವಾರಕ್ಕೊಮ್ಮೆ ತಲೆಗೂ ಮೀಸೆಗೂ ಬಣ್ಣ ಹಚ್ಚತೊಡಗಿದರು. ಕಿವಿಯ ಹಿಂದೆ ತುರಿಕೆಯೆದ್ದು ನೀರುಗುಳ್ಳೆಗಳಾದರೂ ನಿಲ್ಲಿಸಲಿಲ್ಲ.

‘ನೀವು ಹಾಗೇನೂ ಕಾಣುವುದಿಲ್ಲ’ ಎಂದು ನಾನು ಸಮಾಧಾನ ಹೇಳಲಿಲ್ಲ; ಅದು ನಿಜವಾಗಿರಲಿಲ್ಲ, ಅವರಿಗೂ ಅದು ಗೊತ್ತಾಗುತ್ತಿತ್ತು. ಬದಲಿಗೆ, ಹೊರಗೆ ಕುಳಿತಿದ್ದ ನನ್ನ ಸಹಾಯಕಿಯ ವಯಸ್ಸನ್ನು ಊಹಿಸಲು ಕೇಳಿದೆ. ಒಂಬತ್ತು ವರ್ಷ ತಪ್ಪಿದರು. ಅಪರಿಚಿತರ ವಯಸ್ಸನ್ನು ಮುಖದಿಂದ ಅಳೆಯುವಾಗ ಹಲವು ವರ್ಷಗಳ ತಪ್ಪು ಸಾಮಾನ್ಯವೆಂದೂ, ಈಗಷ್ಟೇ ಕಂಡ ಮುಖದ ವಯಸ್ಸಿನತ್ತ ಮುಂದಿನ ಅಂದಾಜು ವಾಲುತ್ತದೆಂದೂ ಪ್ರಯೋಗಗಳು ತೋರಿಸಿರುವುದನ್ನು ವಿವರಿಸಿದೆ. 2012ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾದ, 28 ವರ್ಷ ಟ್ರಕ್ ಓಡಿಸಿದ 69 ವರ್ಷದ ಅಮೆರಿಕದ ಚಾಲಕರ ಚಿತ್ರವನ್ನೂ ತೋರಿಸಿದೆ: ಕಿಟಕಿಯ ಬಿಸಿಲು ಬಿದ್ದ ಎಡಗೆನ್ನೆ ಆಳವಾಗಿ ಸುಕ್ಕುಗಟ್ಟಿತ್ತು, ಬಲಗೆನ್ನೆ ಅಷ್ಟಾಗಿ ಮಾಗಿರಲಿಲ್ಲ. ಆ ಚಿತ್ರವನ್ನು ಅವರು ಬಹಳ ಹೊತ್ತು ನೋಡಿದರು.

ನಮ್ಮಲ್ಲಿ ಮಾತಿಗೆ ಮೊದಲೇ ಅಣ್ಣ, ಅಂಕಲ್, ತಾತ ಎಂಬುದರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುವುದರಿಂದ ಎಲ್ಲರೂ ಅರೆಕ್ಷಣದಲ್ಲಿ ಈ ಅಂದಾಜು ಮಾಡಲೇಬೇಕು. ವಾಚ್‌ಮನ್ ಆಡಿದ್ದು ಗೌರವದ ಮಾತೆಂದೇ ನನ್ನ ನಂಬಿಕೆ. ಆದರೆ ಹೆಂಡತಿ ಹೇಳಿದ ಸಂಗತಿ ನನ್ನನ್ನು ಹೆಚ್ಚು ಕಲಕಿತು: ಮಗಳು ‘ಅಪ್ಪಂಗೆ ನನ್ನ ಮೇಲೆ ಕೋಪನಾ?’ ಎಂದು ಕೇಳುತ್ತಿದ್ದಳು. ಅದುವರೆಗೆ ತಲೆ ತಗ್ಗಿಸಿ ಕುಳಿತಿದ್ದ ಅವರು ಅದನ್ನು ಕೇಳಿ ಅತ್ತರು.

ಬಣ್ಣವನ್ನು ಕೂಡಲೇ ನಿಲ್ಲಿಸಿ ಚರ್ಮವೈದ್ಯರನ್ನು ಕಾಣಲು ಹೇಳಿದೆ, ಏಕೆಂದರೆ ಕಪ್ಪು ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪಿಪಿಡಿ ಎಂಬ ರಾಸಾಯನಿಕದ ಅಲರ್ಜಿ ಮತ್ತೆ ಮತ್ತೆ ಹಚ್ಚಿದಂತೆ ಉಲ್ಬಣಿಸಬಲ್ಲದು. ವಾರದಲ್ಲಿ ಎರಡು ದಿನವಾದರೂ ಶಾಲೆಗೆ ಹೋಗಬೇಕು. ಯಾರಾದರೂ ತಾತ ಎಂದರೆ ವಯಸ್ಸಿನ ವಿವರಣೆ ಕೊಡದೆ ‘ನಾನು ಅವಳ ಅಪ್ಪ’ ಎಂದಷ್ಟೇ ಹೇಳಬೇಕು. ಈ ವಾಕ್ಯವನ್ನು ನನ್ನೆದುರು ನಾಲ್ಕೈದು ಸಲ ಹೇಳಿಸಿದೆ. ಮೊದಲೆರಡು ಸಲ ದನಿಯೇ ಹೊರಡಲಿಲ್ಲ.

ಮೂರನೇ ಭೇಟಿಯ ಹೊತ್ತಿಗೆ ಅವರು ದಿನವೂ ಶಾಲೆಗೆ ಹೋಗುತ್ತಿದ್ದರು. ಗುಳ್ಳೆಗಳು ಒಣಗಿದ್ದವು, ಮೀಸೆ ಮಾತ್ರ ಅರ್ಧ ಕಪ್ಪು, ಅರ್ಧ ಬಿಳುಪಾಗಿತ್ತು.