‘ಯಾರ ಕಡೆಯಿಂದ ಬಂತು’ ಎಂಬ ಪ್ರಶ್ನೆಯನ್ನು ದಯವಿಟ್ಟು ಕೈಬಿಡಿ

ಎರಡೂ ಮನೆತನಗಳಲ್ಲಿ ಯಾರಿಗೂ ಇಲ್ಲದ ಮೆದುಳಿನ ಬೆಳವಣಿಗೆಯ ತೊಂದರೆ ನಿಮ್ಮ ಮಗನಿಗಿದೆ, ನೀವು ಸಂಬಂಧದಲ್ಲಿ ಮದುವೆಯಾದವರಲ್ಲ, ವರ್ಣತಂತು (ಕ್ರೋಮೋಸೋಮ್) ಪರೀಕ್ಷೆ ನಾರ್ಮಲ್ ಬಂದಿದೆ, ಹಾಗಾದರೆ ಇದು ಯಾರ ಕಡೆಯಿಂದ ಬಂತು, ಎರಡನೆಯ ಮಗುವಿಗೆ ಮುಂದಾಗಬಹುದೇ ಎಂದು ಕೇಳಿದ್ದೀರಿ. ಒಂಬತ್ತು ವರ್ಷಗಳ ಹಿಂದೆ ಗದಗಿನ ನಮ್ಮ ಮನೆಯ ಪಡಸಾಲೆಯಲ್ಲಿ ಹೆಚ್ಚುಕಡಿಮೆ ಇದೇ ಮಾತು ನಡೆದಿತ್ತು.

ನಾನು ಅಕ್ಕನ ಮಗಳನ್ನೇ ಮದುವೆಯಾದವನು. ಮಗಳು ಹುಟ್ಟಿದಾಗ ಅವಳ ತಲೆಯ ಸುತ್ತಳತೆ 30 ಸೆಂ.ಮೀ. ಎಂದು ಕಾರ್ಡಿನಲ್ಲಿ ಬರೆದಿದ್ದರು. ದಿನ ತುಂಬಿ ಹುಟ್ಟಿದ ಕೂಸಿಗೆ ಸಾಮಾನ್ಯವಾಗಿ 34-35 ಇರುತ್ತದೆ ಎಂಬುದು ನಮಗೆ ಗೊತ್ತಿರಲಿಲ್ಲ. ನಮಗೆ ಗೊತ್ತಾದದ್ದು ಕುಲಾವಿಯಿಂದ. ತೊಟ್ಟಿಲಿಗೆ ಹಾಕುವ ದಿನ ಅಕ್ಕ ಗುಳೇದಗುಡ್ಡದ ಖಣದಲ್ಲಿ ಹೊಲಿಸಿ ತಂದಿದ್ದ ಕುಲಾವಿ, ವರ್ಷ ತುಂಬಿದ ಮೇಲೂ ಮಗುವಿನ ತಲೆಗೆ ಸಡಿಲವಾಗಿಯೇ ಕೂರುತ್ತಿತ್ತು. ಅಕ್ಕ ಅದರ ಕಸಿಯನ್ನು ಬಿಗಿದು ಕಟ್ಟಿ, ಬಿಚ್ಚಿ, ಮತ್ತೊಮ್ಮೆ ಕಟ್ಟಿ ನೋಡಿ, ಏನೂ ಹೇಳದೆ ಎದ್ದು ಒಳಗೆ ಹೋದದ್ದು ಇಂದಿಗೂ ಕಣ್ಣ ಮುಂದಿದೆ.

ಹುಬ್ಬಳ್ಳಿಗೆ ಓಡಾಡಿದೆವು. ಮೆದುಳು ಚಿಕ್ಕದಾಗಿದೆ, ರಚನೆ ಬಹುಮಟ್ಟಿಗೆ ಸರಿಯಾಗಿದೆ ಎಂದು ಎಂ.ಆರ್.ಐ. ಹೇಳಿತು. ವರ್ಣತಂತು ವರದಿಯಲ್ಲಿ ನಾರ್ಮಲ್ ಎಂದಿತ್ತು. ಒಬ್ಬ ವೈದ್ಯರು ಅದನ್ನು ನೋಡಿ, ‘ವಂಶದ ದೋಷವಿಲ್ಲ, ಧೈರ್ಯವಾಗಿ ಇನ್ನೊಂದು ಮಗು ಮಾಡಿಕೊಳ್ಳಿ’ ಎಂದರು. ನಾನು ನಂಬಿದೆ.

ನನ್ನ ತಪ್ಪು ಇದೇ, ಆದ್ದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ವರ್ಣತಂತು ಪರೀಕ್ಷೆಯಲ್ಲಿ ಸೂಕ್ಷ್ಮದರ್ಶಕದ ಕೆಳಗೆ 46 ವರ್ಣತಂತುಗಳಿವೆಯೇ, ಯಾವುದಾದರೂ ದೊಡ್ಡ ತುಂಡು ಬಿಟ್ಟುಹೋಗಿದೆಯೇ, ಸ್ಥಾನ ಬದಲಿಸಿದೆಯೇ ಎಂದಷ್ಟೇ ನೋಡುತ್ತಾರೆ. ಅದರ ಕಣ್ಣಿಗೆ ಬೀಳಬೇಕಾದರೆ ವ್ಯತ್ಯಾಸವು ವಂಶವಾಹಿ ಬರಹದ, ಅಂದರೆ ಡಿ.ಎನ್.ಎ.ಯ, ಸುಮಾರು 50 ಲಕ್ಷ ಅಕ್ಷರಗಳಷ್ಟಾದರೂ ದೊಡ್ಡದಿರಬೇಕು. ನಮ್ಮ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ತಡೆದದ್ದು 300 ಕೋಟಿ ಅಕ್ಷರಗಳಲ್ಲಿ ಬದಲಾದ ಒಂದೇ ಒಂದು ಅಕ್ಷರ. ನಾನು ಮುದ್ರಣಾಲಯದಲ್ಲಿ ಕೆಲಸ ಮಾಡುವವನು. ಪುಸ್ತಕ ಹೊಲಿಯುವ ಮೊದಲು ಎಲ್ಲ ಫಾರಂಗಳೂ (ಅಚ್ಚಾಗಿ ಮಡಚಿದ ಹಾಳೆಗಳೂ) ಇವೆಯೇ ಎಂದು ಎಣಿಸುವ ಕೆಲಸ ಬೇರೆ, ಕೂತು ಪ್ರೂಫ್ ನೋಡುವ ಕೆಲಸ ಬೇರೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ತಿಳಿದಿರಬೇಕಿತ್ತು? ಫಾರಂ ಎಣಿಸಿದ ಚೀಟಿಯನ್ನು ಹಿಡಿದುಕೊಂಡು ಪುಸ್ತಕದಲ್ಲಿ ತಪ್ಪಿಲ್ಲವೆಂದು ನಾನು ಮನೆಯವರಿಗೆಲ್ಲ ಭರವಸೆ ಕೊಟ್ಟೆ. ‘ಈ ಪರೀಕ್ಷೆಗೆ ಕಾಣಿಸದೆ ಉಳಿಯುವುದು ಯಾವುದು’ ಎಂದು ಆ ದಿನ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಎರಡನೆಯ ಬಸಿರಿನಲ್ಲಿ 20ನೆಯ ವಾರದ ಸ್ಕ್ಯಾನಿಂಗ್ ಸರಿಯಾಗಿಯೇ ಬಂತು. ಈ ಬಗೆಯ ತೊಂದರೆಯಲ್ಲಿ ಅಲ್ಲಿಯವರೆಗೆ ತಲೆಯ ಅಳತೆ ಸರಿಯಾಗಿದ್ದು ಆಮೇಲೆ ಹಿಂದೆ ಬೀಳಬಹುದು ಎಂಬುದನ್ನು ನಾವು ತಿಳಿದದ್ದು 32ನೆಯ ವಾರದಲ್ಲಿ. ಮಗನೂ ತನ್ನ ಅಕ್ಕನಂತೆಯೇ, ಅಂದರೆ ನಮ್ಮ ಮಗಳಂತೆಯೇ, ಹುಟ್ಟಿದ. ಅವನನ್ನು ನಾವು ಎಳ್ಳಷ್ಟೂ ಕಡಿಮೆ ಪ್ರೀತಿಸುವುದಿಲ್ಲ. ಆದರೆ ತಿಳಿದು ನಿರ್ಧರಿಸುವ ಹಕ್ಕನ್ನು ನನ್ನ ಹೆಂಡತಿಯಿಂದ ನಾನು ಕಸಿದುಕೊಂಡೆ.

ಅನಂತರವೇ ಮಗಳ ಮತ್ತು ನಮ್ಮಿಬ್ಬರ ರಕ್ತದಿಂದ ಎಕ್ಸೋಮ್ ಪರೀಕ್ಷೆ, ಅಂದರೆ ಜೀನುಗಳ ಮುಖ್ಯ ಭಾಗಗಳನ್ನು ಅಕ್ಷರ ಅಕ್ಷರವಾಗಿ ಓದುವ ಪರೀಕ್ಷೆ, ಮಾಡಿಸಿದೆವು. ದೋಷ ಇದ್ದದ್ದು 2002ರಲ್ಲಿ ಗುರುತಿಸಲಾದ ಎ.ಎಸ್.ಪಿ.ಎಂ. ಎಂಬ ಜೀನಿನಲ್ಲಿ. ಭ್ರೂಣದ ಮೆದುಳಿನ ಮೂಲಕೋಶಗಳು ಸರಿಯಾಗಿ ಎರಡಾಗಿ ಒಡೆದು ಸಂಖ್ಯೆಯಲ್ಲಿ ಬೆಳೆಯಲು ಅದು ಬೇಕು. ನನ್ನಲ್ಲಿ ಒಂದು ಪ್ರತಿ ಕೆಟ್ಟಿದೆ, ಹೆಂಡತಿಯಲ್ಲಿ ಒಂದು ಪ್ರತಿ ಕೆಟ್ಟಿದೆ, ಇನ್ನೊಂದು ಪ್ರತಿ ಸರಿಯಿರುವುದರಿಂದ ನಾವಿಬ್ಬರೂ ಆರೋಗ್ಯವಾಗಿದ್ದೇವೆ. ಎರಡೂ ಕೆಟ್ಟ ಪ್ರತಿಗಳು ಮಗುವಿಗೆ ಸೇರುವ ಸಾಧ್ಯತೆ ಪ್ರತಿ ಬಸಿರಿನಲ್ಲೂ 25 ಶೇಕಡಾ.

ಇಷ್ಟು ವರ್ಷ ನಮ್ಮ ಮನೆಯವರು ದೂರುತ್ತಿದ್ದದ್ದು ಅಕ್ಕನ ಗಂಡನಾದ ಭಾವನ ಮನೆತನವನ್ನು, ಏಕೆಂದರೆ ಹೊರಗಿನವರು ಅವರೊಬ್ಬರೇ. ಆ ಮಾತಿಗೆ ನೊಂದು ಭಾವ ಎರಡು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ನನ್ನಲ್ಲೂ ಹೆಂಡತಿಯಲ್ಲೂ ಅದೇ ಅಪರೂಪದ ಅಕ್ಷರದೋಷ ಇದೆಯೆಂದರೆ ಅದು ನನ್ನ ತಂದೆತಾಯಿಯರಲ್ಲಿ ಒಬ್ಬರಿಂದ ನನಗೂ ಅಕ್ಕನಿಗೂ, ಅಕ್ಕನಿಂದ ನನ್ನ ಹೆಂಡತಿಗೂ ಬಂದಿದೆ ಎಂದು ಆಪ್ತಸಮಾಲೋಚಕರು ಚಿತ್ರ ಬರೆದು ತೋರಿಸಿದರು. ನಾನು ಆ ಹಾಳೆಯನ್ನು ತೆಗೆದುಕೊಂಡು ಹೋಗಿ ಭಾವನ ಕಾಲಿಗೆ ಬಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಂಬಂಧದಲ್ಲಿ ಮದುವೆಯಾಗದವರಲ್ಲೂ ಇಬ್ಬರ ಕಡೆಯಿಂದಲೂ ಒಂದೊಂದು ಕೆಟ್ಟ ಪ್ರತಿ ಬರಬಹುದು. ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ ಮೆದುಳಿನ ಬೆಳವಣಿಗೆಯನ್ನು ಕುಂಠಿಸುವ ರೆಟ್ ಸಿಂಡ್ರೋಮ್‌ನಂತಹವು ಹೆಚ್ಚಾಗಿ ಯಾರ ಕಡೆಯಿಂದಲೂ ಬಾರದೆ ಮಗುವಿನಲ್ಲೇ ಹೊಸದಾಗಿ ಉಂಟಾಗುತ್ತವೆ. ಬುದ್ಧಿಯ ಬೆಳವಣಿಗೆಯನ್ನು ಕುಂಠಿಸುವ, ಎಕ್ಸ್ ವರ್ಣತಂತುವಿನ ದೋಷವಾದ ಫ್ರಾಜೈಲ್ ಎಕ್ಸ್ ಆರೋಗ್ಯವಂತ ತಾಯಿಯ ಮೂಲಕ ಬರಬಹುದು. ಅದನ್ನು ಎಕ್ಸೋಮ್ ಕೂಡ ಸಾಮಾನ್ಯವಾಗಿ ಹಿಡಿಯುವುದಿಲ್ಲ, ಅದಕ್ಕೆ ಬೇರೆಯದೇ ಪರೀಕ್ಷೆ ಮಾಡಿಸಬೇಕು. ಆಹಾರದ ಒಂದು ಅಂಶವನ್ನು ದೇಹ ಒಡೆಯಲಾಗದೆ ಅದು ಮೆದುಳಿಗೆ ಹಾನಿ ಮಾಡುವ ಫೀನೈಲ್‌ಕೀಟೋನೂರಿಯದಂತಹ ಕೆಲವನ್ನು ಬೇಗ ಪತ್ತೆ ಮಾಡಿದರೆ ಆಹಾರದ ಪಥ್ಯದಿಂದಲೇ ಮೆದುಳನ್ನು ಕಾಪಾಡಬಹುದಾದ್ದರಿಂದ, ಈ ಪರೀಕ್ಷೆಗಳು ಮುಂದಿನ ಮಗುವಿಗಾಗಿ ಮಾತ್ರ ಎಂದುಕೊಳ್ಳಬೇಡಿ.

ಬೆಂಗಳೂರಿನ ನಿಮ್ಹಾನ್ಸ್‌ಗೋ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ಗೋ ಮಗನನ್ನು ಕರೆದುಕೊಂಡು ಹೋಗಿ, ಎರಡನೆಯ ಬಸಿರಿಗಿಂತ ಮೊದಲೇ ಹೋಗಿ. ಎಲ್ಲರಿಗೂ ಉತ್ತರ ಸಿಗುತ್ತದೆಂದು ಹೇಳಲಾರೆ. ಆದರೆ ದೋಷ ಯಾವುದೆಂದು ಮೊದಲೇ ಗೊತ್ತಾದರೆ ಮಾತ್ರ 11ರಿಂದ 14ನೆಯ ವಾರದೊಳಗೆ ಮಾಸಿನ ಚೂರು ತೆಗೆದು ಅದೇ ದೋಷಕ್ಕಾಗಿ ಹುಡುಕಬಹುದು.

ಹೋಗುವ ಮೊದಲು ಮೂರು ತಲೆಮಾರಿನ ವಂಶವೃಕ್ಷ ಬರೆದುಕೊಳ್ಳಿ. ‘ನಮ್ಮಲ್ಲಿ ಯಾರಿಗೂ ಇಲ್ಲ’ ಎಂದು ನನ್ನ ಅವ್ವನೂ ಆಣೆ ಮಾಡಿ ಹೇಳಿದ್ದಳು. ಸಮಾಲೋಚಕರು ಸಾವಧಾನವಾಗಿ ಕೇಳಿದ ಮೇಲೆ, ಅವಳ ತಮ್ಮನಿಗೆ ಮಾತು ಬಾರದ, ಸಣ್ಣ ತಲೆಯ ಒಂದು ಹೆಣ್ಣುಕೂಸು ಇತ್ತೆಂದೂ ಅದು ಆರನೆಯ ವಯಸ್ಸಿಗೆ ತೀರಿಕೊಂಡಿತೆಂದೂ ಬಾಯಿ ಬಿಟ್ಟಳು. ಆ ಕೂಸಿನ ಹೆಸರನ್ನು ನಾನು ಕೇಳಿದ್ದು ಅಂದೇ ಮೊದಲು. ನಿಮ್ಮ ತಾಯಿಯವರನ್ನೂ ಅತ್ತೆಯವರನ್ನೂ ಬೇರೆ ಬೇರೆಯಾಗಿ, ಗಂಡಸರಿಲ್ಲದ ಹೊತ್ತಿನಲ್ಲಿ ಕೂರಿಸಿಕೊಂಡು, ತೀರಿಕೊಂಡ ಮಕ್ಕಳನ್ನೂ ಸೇರಿಸಿ ಕೇಳಿ.